ಮನೆಯ ಆರೋಗ್ಯ: ಮೈ ಇಳಿದವರ ಕಾಫಿ

ಮೈಯ ತೂಕವು ಇಳಿದಾಗ ಮನುಷ್ಯನು ಅಂಗಿಯ ಅಳತೆಯನ್ನು ಬದಲಾಯಿಸುತ್ತಾನೆ. ಸೊಂಟದ ಪಟ್ಟಿಗೆ ಹೊಸದೊಂದು ತೂತು ಮಾಡಿಸುತ್ತಾನೆ. ಸಡಿಲವಾದ ಉಂಗುರವನ್ನು ಅಕ್ಕಸಾಲಿಗನಲ್ಲಿಗೆ ಒಯ್ಯುತ್ತಾನೆ. ಆದರೆ ಬೆಳಗಿನ ಕಾಫಿಯ ಲೋಟವನ್ನು ಮಾತ್ರ ಯಾರೂ ಬದಲಾಯಿಸುವುದಿಲ್ಲ. ಹತ್ತು ವರ್ಷಗಳ ಹಿಂದೆ ಎಷ್ಟು ದೊಡ್ಡದಿತ್ತೋ ಇಂದಿಗೂ ಅಷ್ಟೇ ದೊಡ್ಡದು. ಹೀಗಿರುವಾಗ, ತೂಕ ಇಳಿಸಿಕೊಂಡ ಕೆಲವರು, "ಮೊದಲು ಮೂರು ಲೋಟ ಕುಡಿದರೂ ಏನೂ ಆಗುತ್ತಿರಲಿಲ್ಲ, ಈಗ ಎರಡಕ್ಕೇ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ರಾತ್ರಿ ನಿದ್ದೆ ಹತ್ತುವುದಿಲ್ಲ" ಎಂದು ಹೇಳುವುದುಂಟು. ಈ ಮಾತಿನಲ್ಲಿ ಎಷ್ಟು ನಿಜವಿದೆ, ಎಷ್ಟು ಭ್ರಮೆಯಿದೆ, ಅದರ ಹಿಂದೆ ಬೇರೆ ಅಪಾಯವೇನಾದರೂ ಅಡಗಿದೆಯೇ ಎಂಬುದನ್ನು ಈ ತಿಂಗಳು ವಿಚಾರಮಾಡೋಣ.

ಈ ವಿಚಾರವು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಯವರಿಗೆ ಹತ್ತಿರವಾದದ್ದು. ಅಲ್ಲಿಯ ಅಡಿಕೆ ತೋಟದ ಮನೆಗಳಲ್ಲಿ ಬಂದವರನ್ನು ಮೊದಲು ಕೇಳುವ ಪ್ರಶ್ನೆಯೇ "ಆಸರಿಗೆ ಏನು ಬೇಕು?" ಎಂಬುದು. ಚಹಾ, ಕಾಫಿ, ಕಷಾಯ, ಮಜ್ಜಿಗೆ, ಇವುಗಳಲ್ಲಿ ಒಂದನ್ನು ಕುಡಿಯದೆ ಅಂಗಳ ಇಳಿಯುವಂತಿಲ್ಲ. ಅಡಿಕೆಯ ಕೊಯ್ಲಿನ ಕಾಲದಲ್ಲಂತೂ ಸುಲಿಯುವ ಕೆಲಸವು ರಾತ್ರಿಯವರೆಗೂ ನಡೆಯುವುದರಿಂದ, ನಿದ್ದೆಯನ್ನು ದೂರವಿಡಲು ಒಲೆಯ ಮೇಲಿನ ಪಾತ್ರೆ ಮತ್ತೆ ಮತ್ತೆ ಬಿಸಿಯಾಗುತ್ತದೆ. ಇದೇ ಮನೆಗಳಲ್ಲಿ ಈಗ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ಕಾಣಿಸಿಕೊಂಡು, ವೈದ್ಯರು "ತೂಕ ಇಳಿಸಿರಿ" ಎಂದು ಹೇಳುತ್ತಿರುವುದೂ ಸಾಮಾನ್ಯವಾಗಿದೆ. ಅನ್ನವನ್ನು ಕಡಿಮೆ ಮಾಡುವವರುಂಟು, ಸಿಹಿಯನ್ನು ಬಿಡುವವರುಂಟು. ಕಾಫಿ-ಚಹಗಳ ಲೆಕ್ಕವನ್ನು ನೋಡುವವರು ವಿರಳ.

ಮೊದಲು ಕಾಫಿಯೊಳಗಿನ ಆ ಸತ್ವವು ಯಾವುದೆಂಬುದನ್ನು ತಿಳಿಯಬೇಕು. ಅದಕ್ಕೆ ಕೆಫೀನ್ ಎಂದು ಹೆಸರು. 1819ರಲ್ಲಿ ರುಂಗೆ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞನು ಕಾಫಿ ಬೀಜದಿಂದ ಇದನ್ನು ಬೇರ್ಪಡಿಸಿದನು. ಚಹದ ಎಲೆಯಲ್ಲಿರುವುದೂ ಇದೇ ವಸ್ತು. ನಾವು ಎಚ್ಚರವಾಗಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ದ್ರವ್ಯವು ಕೂಡುತ್ತ ಹೋಗಿ, "ಇನ್ನು ಸಾಕು, ಮಲಗು" ಎಂಬ ಸೂಚನೆಯನ್ನು ಕೊಡುತ್ತದೆ. ಕೆಫೀನು ಆ ದ್ರವ್ಯವು ಕೂಡ್ರಬೇಕಾದ ಪೀಠವನ್ನು ತಾನು ಆಕ್ರಮಿಸಿ, ಸೂಚನೆಯು ಮುಟ್ಟದಂತೆ ಮಾಡುತ್ತದೆ. ದಣಿವು ಹೋಗುವುದಿಲ್ಲ, ದಣಿವಿನ ಅರಿವು ಮಾತ್ರ ಮರೆಯಾಗುತ್ತದೆ. ಇದೇ ಕಾಫಿಯ ಗುಟ್ಟು.

ಇನ್ನು ಪ್ರಮಾಣ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯು 2024ರಲ್ಲಿ ಭಾರತೀಯರಿಗಾಗಿ ಹೊರಡಿಸಿದ ಆಹಾರ ಸೂಚನೆಗಳಲ್ಲಿ, 150 ಮಿಲಿಲೀಟರಿನ ಒಂದು ಬಟ್ಟಲು ಇಳಿಸಿದ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ, ದಿಢೀರ್ ಕಾಫಿಯಲ್ಲಿ 50ರಿಂದ 65 ಮಿಲಿಗ್ರಾಂ, ಚಹದಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನು ಇರುವುದೆಂದು ಹೇಳಿದೆ. ದಿನಕ್ಕೆ ಒಟ್ಟು 300 ಮಿಲಿಗ್ರಾಮನ್ನು ಮೀರಬಾರದೆಂಬುದು ಅದರ ಸಲಹೆ. ನಮ್ಮ ಲೋಟದ ಕಾಫಿಗೆ ಸರಾಸರಿ 100 ಮಿಲಿಗ್ರಾಂ ಎಂದು ಹಿಡಿದರೆ ಲೆಕ್ಕಕ್ಕೆ ಸುಲಭ.

ಈಗ ಯಲ್ಲಾಪುರ ತಾಲೂಕಿನ ನಂದೊಳ್ಳಿಯ ಕಡೆಯ ತೋಟದ ಮನೆಯೊಂದರ ಯಜಮಾನರನ್ನು ಕಲ್ಪಿಸಿಕೊಳ್ಳಿರಿ. ಅವರ ತೂಕ 84 ಕಿಲೋಗ್ರಾಂ ಇತ್ತು. ದಿನಕ್ಕೆ ಮೂರು ಲೋಟ ಕಾಫಿ ಕುಡಿಯುವ ವಾಡಿಕೆ. ವೈದ್ಯರ ಮಾತಿನಂತೆ ಎರಡು ವರ್ಷ ಪಥ್ಯವಿದ್ದು, ನಡೆದಾಡಿ, 63 ಕಿಲೋಗ್ರಾಮಿಗೆ ಇಳಿದರು. ಮೊದಲು 300 ಮಿಲಿಗ್ರಾಂ ಕೆಫೀನು 84 ಕಿಲೋ ಮೈಗೆ ಹಂಚಿದಾಗ ಕಿಲೋ ಒಂದಕ್ಕೆ ಸುಮಾರು 3.6 ಮಿಲಿಗ್ರಾಂ ಬರುತ್ತಿತ್ತು. ಈಗ ಅದೇ 300 ಮಿಲಿಗ್ರಾಂ 63 ಕಿಲೋಗೆ ಹಂಚಿ ಸುಮಾರು 4.8 ಮಿಲಿಗ್ರಾಂ ಆಯಿತು. ಅಂದರೆ ತೂಕದ ಲೆಕ್ಕದಲ್ಲಿ ಅವರು ಕುಡಿಯುವ ಮೂರು ಲೋಟವು ಮೊದಲಿನ ನಾಲ್ಕು ಲೋಟಕ್ಕೆ ಸಮನಾಯಿತು. ಅಡಿಗೆಮನೆಯಲ್ಲಿ ಯಾರೂ ಒಂದು ಚಮಚ ಪುಡಿಯನ್ನು ಹೆಚ್ಚಿಗೆ ಹಾಕಿಲ್ಲ. ಆದರೂ ಒಂದು ಲೋಟ ಹೆಚ್ಚಾಗಿದೆ.

ಆದರೆ ಈ ಲೆಕ್ಕವನ್ನು ಇದ್ದಂತೆಯೇ ನಂಬಿಬಿಡುವುದೂ ಸರಿಯಲ್ಲ. ಕೆಫೀನು ಮೈಯಲ್ಲಿ ಹರಡಿಕೊಳ್ಳುವುದು ಮುಖ್ಯವಾಗಿ ದೇಹದ ನೀರಿನಲ್ಲಿ. ಮಾಂಸಖಂಡದಲ್ಲಿ ಮುಕ್ಕಾಲು ಪಾಲು ನೀರೇ ಇರುತ್ತದೆ; ಕೊಬ್ಬಿನಲ್ಲಿ ನೀರು ಬಹು ಅಲ್ಪ. ನಿಧಾನವಾಗಿ, ಹೊಟ್ಟೆತುಂಬ ತರಕಾರಿ, ಬೇಳೆಗಳನ್ನು ಉಂಡು, ಮೈಮುರಿದು ಕೆಲಸ ಮಾಡಿ ತೂಕ ಇಳಿಸಿದವರು ಕಳೆದುಕೊಂಡದ್ದು ಬಹುಪಾಲು ಕೊಬ್ಬು. ಅವರ ದೇಹದ ನೀರಿನ ಕೊಡವು ಹೆಚ್ಚೇನೂ ಸಣ್ಣದಾಗಿಲ್ಲ. ಆದುದರಿಂದ ಅವರಿಗೆ ಕಾಫಿಯ ಬಿಸಿ ಏರುವುದು ತಕ್ಕಡಿ ಹೇಳುವುದಕ್ಕಿಂತ ಕಡಿಮೆ. ಉಪವಾಸ ಬಿದ್ದು, ಊಟ ಬಿಟ್ಟು, ಅವಸರದಿಂದ ಇಳಿದವರು ಕೊಬ್ಬಿನೊಡನೆ ಮಾಂಸಖಂಡವನ್ನೂ ನೀರನ್ನೂ ಕಳೆದುಕೊಳ್ಳುತ್ತಾರೆ. ಅವರ ಕೊಡವೇ ಸಣ್ಣದಾಗುವುದರಿಂದ ಅದೇ ಲೋಟವು ಅವರಿಗೆ ಹೆಚ್ಚು ಗಡುಸಾಗುತ್ತದೆ. ಹೀಗಾಗಿ ಕೇಳಬೇಕಾದ ಪ್ರಶ್ನೆ "ಎಷ್ಟು ಇಳಿದಿರಿ?" ಎಂಬುದಷ್ಟೇ ಅಲ್ಲ, "ಹೇಗೆ ಇಳಿದಿರಿ?" ಎಂಬುದೇ ಮುಖ್ಯವಾದುದು.

ಆ "ಹೇಗೆ" ಎಂಬುದರಲ್ಲಿ ಮೂರು ಸಂಗತಿಗಳು ಗಮನಿಸತಕ್ಕವು.

ಮೊದಲನೆಯದು, ಬರಿ ಹೊಟ್ಟೆ. ತೂಕ ಇಳಿಸುವವರಲ್ಲಿ ಬೆಳಗಿನ ತಿಂಡಿಯನ್ನು ಬಿಟ್ಟು ಕಾಫಿಯನ್ನು ಉಳಿಸಿಕೊಳ್ಳುವವರು ಬಹಳ. ದೋಸೆಯೊಡನೆ ಕುಡಿದ ಕಾಫಿ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ಬರಿ ಹೊಟ್ಟೆಗೆ ಬಿದ್ದದ್ದು ಸುಮಾರು ಮುಕ್ಕಾಲು ಗಂಟೆಯೊಳಗೆ ಪೂರ್ತಿಯಾಗಿ ಸೇರಿಬಿಡುತ್ತದೆ. ಒಟ್ಟು ಸೇರುವ ಪ್ರಮಾಣ ಒಂದೇ ಆದರೂ, ಬೇಗ ಏರಿದ ಬೇಗೆಯು ಎದೆಬಡಿತವಾಗಿ, ಕೈನಡುಕವಾಗಿ ಅನುಭವಕ್ಕೆ ಬರುತ್ತದೆ. ಅದರ ಮೇಲೆ, ಹಸಿವನ್ನು ಮರೆಸಲೆಂದು ನಡುಹಗಲಲ್ಲಿ ಇನ್ನೊಂದು ಲೋಟವನ್ನು ಕುಡಿದರೆ ಕೇಳುವುದೇ ಬೇಡ. ಏಕಾದಶಿಯ ಉಪವಾಸದ ದಿನ ಕಾಫಿ ಮಾತ್ರ ಕುಡಿದವರಿಗೆ ಸಂಜೆ ಮೈ ನಡುಗುವುದಕ್ಕೂ ಇದೇ ಒಂದು ಕಾರಣವಾಗಬಹುದು.

ಎರಡನೆಯದು, ನಿದ್ದೆ. ಬಹಳ ದಪ್ಪಗಿರುವ ಕೆಲವರಿಗೆ ರಾತ್ರಿ ಗೊರಕೆಯ ನಡುವೆ ಉಸಿರು ಆಗಾಗ ಕಟ್ಟಿ, ನಿದ್ದೆ ತುಂಡುತುಂಡಾಗುತ್ತದೆ. ಅವರು ಹಗಲೆಲ್ಲ ತೂಕಡಿಸುತ್ತಾರೆ; ಆ ತೂಕಡಿಕೆಯನ್ನು ಕಾಫಿಯಿಂದ ತಳ್ಳುತ್ತಾರೆ. ತೂಕ ಇಳಿದಾಗ ಉಸಿರಿನ ದಾರಿ ತೆರವಾಗಿ ಗೊರಕೆ ತಗ್ಗುತ್ತದೆ, ನಿದ್ದೆ ತುಂಬುತ್ತದೆ. ಆಗ ಅವರಿಗೆ ಮೊದಲಿನಷ್ಟು ಕಾಫಿಯ ಅಗತ್ಯವೇ ಉಳಿದಿರುವುದಿಲ್ಲ. ಅಗತ್ಯವಿಲ್ಲದವನಿಗೆ ಅದೇ ಲೋಟವು ಚಡಪಡಿಕೆಯಾಗಿ ತೋರಬಹುದು. ಇದು ಆರೋಗ್ಯದ ಲಕ್ಷಣವೆಂದು ತಿಳಿದು ಲೋಟವನ್ನು ಇಳಿಸುವುದು ವಿವೇಕ.

ಮೂರನೆಯದು, ಬೀಡಿ ಸಿಗರೇಟು. ತೂಕ ಇಳಿಸುವ ಸಂಕಲ್ಪದ ಜೊತೆಗೇ ಧೂಮಪಾನವನ್ನು ಬಿಡುವ ಪುಣ್ಯವಂತರೂ ಉಂಟು. ಕೆಫೀನನ್ನು ಕರಗಿಸುವ ಕೆಲಸವು ಯಕೃತ್ತಿನದು. ತಂಬಾಕಿನ ಹೊಗೆಯು ಯಕೃತ್ತಿನ ಆ ಕೆಲಸಕ್ಕೆ ಚುರುಕು ಕೊಡುವುದರಿಂದ, ಬೀಡಿ ಸೇದುವವರ ಮೈಯಿಂದ ಕೆಫೀನು ಬಹು ಬೇಗ ಹೊರಟುಹೋಗುತ್ತದೆ. ಸೇದುವುದನ್ನು ಬಿಟ್ಟ ಕೆಲವೇ ದಿನಗಳಲ್ಲಿ ಈ ಚುರುಕು ಕುಗ್ಗಿ, ಅದೇ ಕಾಫಿಯಿಂದ ರಕ್ತದಲ್ಲಿ ನಿಲ್ಲುವ ಕೆಫೀನು ಸುಮಾರು ಇಮ್ಮಡಿಯಾಗುತ್ತದೆ. ಧೂಮಪಾನ ಬಿಟ್ಟವರು ಪಡುವ ಚಡಪಡಿಕೆಯಲ್ಲಿ ಒಂದು ಪಾಲು ಕಾಫಿಯದೆಂದು ತಿಳಿಯದೆ, ಮತ್ತೆ ಬೀಡಿಗೆ ಕೈಚಾಚುವುದು ಎಂಥ ನಷ್ಟ! ಬೀಡಿಯನ್ನು ಬಿಟ್ಟ ದಿನವೇ ಕಾಫಿಯನ್ನು ಅರ್ಧಕ್ಕೆ ಇಳಿಸಬೇಕು. ಕವಳದಲ್ಲಿ ತಂಬಾಕನ್ನು ಅಗಿಯುವವರಿಗೆ ಈ ಮಾತು ಅನ್ವಯಿಸದು. ಈ ಗುಣವು ಹೊಗೆಯದು. ಆದರೆ ಅಗಿಯುವ ತಂಬಾಕಿನಿಂದ ಬಾಯಿಗೆ ಆಗುವ ಕೇಡು ಬೇರೆಯೇ ಇದೆ.

ತೂಕವೇ ಸರ್ವಸ್ವವಲ್ಲವೆಂಬುದಕ್ಕೆ ಗರ್ಭಿಣಿಯರೇ ಸಾಕ್ಷಿ. ಅವರ ತೂಕ ಏರುತ್ತದೆ. ಆದರೂ ಕಾಫಿಯು ಅವರಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಸಾಮಾನ್ಯವಾಗಿ ಕುಡಿದ ಕೆಫೀನಿನ ಅರ್ಧವು ಕರಗಲು ಸುಮಾರು ಐದು ಗಂಟೆ ಬೇಕಾದರೆ, ಗರ್ಭದ ಕೊನೆಯ ತಿಂಗಳುಗಳಲ್ಲಿ ಹದಿನೈದು ಗಂಟೆಯವರೆಗೂ ಬೇಕಾಗುವುದುಂಟು. ಅದಕ್ಕಾಗಿಯೇ ಗರ್ಭಿಣಿಯರು ದಿನಕ್ಕೆ 200 ಮಿಲಿಗ್ರಾಮಿನೊಳಗೆ ಇರಬೇಕೆಂದು ತಜ್ಞರು ಹೇಳುತ್ತಾರೆ. ಯಕೃತ್ತು ಕೆಟ್ಟವರಲ್ಲಿಯೂ ಕೆಫೀನು ನಿಧಾನವಾಗಿ ಕರಗುತ್ತದೆ.

ಈ ಐದು ಗಂಟೆಯ ಲೆಕ್ಕವನ್ನು ಪ್ರತಿ ಮನೆಯೊಡತಿಯೂ ನೆನಪಿಡತಕ್ಕದ್ದು. ಸಂಜೆ ಐದು ಗಂಟೆಗೆ ಒಂದು ಲೋಟ ಕುಡಿದರೆ, ರಾತ್ರಿ ಹತ್ತಕ್ಕೆ ಅರ್ಧ ಲೋಟವು ಮೈಯಲ್ಲಿ ಉಳಿದಿರುತ್ತದೆ. ನಸುಕಿನ ಮೂರಕ್ಕೂ ಕಾಲು ಲೋಟ ಉಳಿದಿರುತ್ತದೆ. ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನು ತೆಗೆದುಕೊಂಡವರ ನಿದ್ದೆಯು ಒಂದು ಗಂಟೆಗಿಂತಲೂ ಹೆಚ್ಚು ಕಡಿಮೆಯಾದದ್ದನ್ನು 2013ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪರೀಕ್ಷೆಯು ತೋರಿಸಿದೆ. ನಿದ್ದೆ ಕೆಟ್ಟವನಿಗೆ ಮರುದಿನ ಹಸಿವು ಹೆಚ್ಚು. ಕಷ್ಟಪಟ್ಟು ಇಳಿಸಿದ ತೂಕವು ಮರಳಿ ಏರಲು ಇದೂ ಒಂದು ದಾರಿ.

ಇಷ್ಟರವರೆಗೆ ಹೇಳಿದ್ದು ಕಾಫಿಯ ತಪ್ಪು. ಇನ್ನು ಹೇಳಬೇಕಾದದ್ದು ಹೆಚ್ಚು ಮಹತ್ವದ್ದು. ದಯವಿಟ್ಟು ಮನಸ್ಸಿಟ್ಟು ಓದಿರಿ. ಎದೆಬಡಿತ, ಕೈನಡುಕ, ಬೆವರು, ನಿದ್ರಾಹೀನತೆ, ಇವೆಲ್ಲವೂ ಕಾಫಿಯಿಂದಲೇ ಬಂದವೆಂದು ಭಾವಿಸಿ ಸುಮ್ಮನಿರುವುದು ಕೆಲವು ಸಲ ಪ್ರಾಣಕ್ಕೇ ಎರವಾಗುತ್ತದೆ.

ಸಕ್ಕರೆ ಕಾಯಿಲೆಯವರನ್ನು ತೆಗೆದುಕೊಳ್ಳಿರಿ. ತೂಕ ಇಳಿದಾಗ ಅವರಿಗೆ ಬೇಕಾದ ಔಷಧಿಯ ಪ್ರಮಾಣವೂ ಇಳಿಯುವುದು ಸಾಮಾನ್ಯ. ಇನ್ಸುಲಿನನ್ನಾಗಲಿ, ಇನ್ಸುಲಿನನ್ನು ಹೆಚ್ಚಿಸುವ ಮಾತ್ರೆಗಳನ್ನಾಗಲಿ ಹಳೆಯ ಪ್ರಮಾಣದಲ್ಲಿಯೇ ಮುಂದುವರಿಸಿದರೆ ರಕ್ತದ ಸಕ್ಕರೆಯು ಅಪಾಯಕರವಾಗಿ ಕುಸಿಯಬಹುದು. ಅದರ ಲಕ್ಷಣಗಳೂ ನಡುಕ, ಬೆವರು, ಎದೆಬಡಿತಗಳೇ. "ಕಾಫಿ ಹೆಚ್ಚಾಯಿತು, ಸ್ವಲ್ಪ ಮಲಗುತ್ತೇನೆ" ಎಂದು ಮಲಗಿದವರು ಎಚ್ಚರ ತಪ್ಪುವ ಸಂಭವವಿದೆ. ಇಂಥವರಿಗೆ ನಡುಕ ಬಂದಾಗ, ಸಾಧ್ಯವಿದ್ದರೆ ರಕ್ತವನ್ನು ಪರೀಕ್ಷಿಸಬೇಕು. ಇಲ್ಲವಾದರೆ ಎಚ್ಚರವಿರುವಾಗಲೇ ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಬಳಿಕ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಕೂಡದು. ರಕ್ತದೊತ್ತಡದ ಮಾತ್ರೆಗಳ ಪ್ರಮಾಣವನ್ನೂ ತೂಕ ಇಳಿದ ಮೇಲೆ ವೈದ್ಯರು ಮತ್ತೆ ನೋಡಬೇಕಾಗುತ್ತದೆ.

ಎರಡನೆಯದಾಗಿ, ಥೈರಾಯ್ಡ್ ಗ್ರಂಥಿಯ ಕೊರತೆಗೆ ಮಾತ್ರೆ ನುಂಗುವ ಗೃಹಿಣಿಯರು. ಈ ಮಾತ್ರೆಯ ಪ್ರಮಾಣವನ್ನು ಬಹುಮಟ್ಟಿಗೆ ಮೈತೂಕವನ್ನು ನೋಡಿಯೇ ಗೊತ್ತುಮಾಡುತ್ತಾರೆ. ಹತ್ತು ಹದಿನೈದು ಕಿಲೋ ಇಳಿದ ಮೇಲೆಯೂ ಹಳೆಯ ಮಾತ್ರೆಯೇ ಮುಂದುವರಿದರೆ ಅದು ಹೆಚ್ಚಾಗಿ, ಎದೆ ಹಾರುವುದು, ಕೈ ನಡುಗುವುದು, ನಿದ್ದೆ ಕೆಡುವುದು ಕಾಣಿಸಿಕೊಳ್ಳುತ್ತದೆ. ಆಗ ಬದಲಾಗಬೇಕಾದದ್ದು ಬರಿಯ ಕಾಫಿಯಲ್ಲ, ಮಾತ್ರೆಯ ಪ್ರಮಾಣ. ಇನ್ನೊಂದು ಮಾತು: ಈ ಮಾತ್ರೆಯನ್ನು ಕಾಫಿಯೊಡನೆ ನುಂಗಬಾರದು. ಕಾಫಿಯು ಅದನ್ನು ಮೈಗೆ ಹತ್ತಗೊಡುವುದಿಲ್ಲ. ಬರಿಯ ನೀರಿನೊಡನೆ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ತಡೆದು, ಬಳಿಕ ಕಾಫಿ ಕುಡಿಯಬೇಕು.

ಮೂರನೆಯದಾಗಿ, ಯಾವ ಪ್ರಯತ್ನವನ್ನೂ ಮಾಡದೆ ತಾನಾಗಿ ತೂಕ ಇಳಿಯುವವರು. ಊಟ ಎಂದಿನಂತೆಯೇ ಇದ್ದು, ಮೈ ಮಾತ್ರ ಸೊರಗುತ್ತ, ಎದೆ ಹೊಡೆದುಕೊಳ್ಳುತ್ತ, ಸೆಕೆ ತಾಳಲಾರದಂತಾದರೆ ಥೈರಾಯ್ಡ್ ಗ್ರಂಥಿಯು ಅತಿಯಾಗಿ ಕೆಲಸಮಾಡುತ್ತಿರಬಹುದು. ಬಾಯಾರಿಕೆ, ಅತಿಮೂತ್ರಗಳಿದ್ದರೆ ಸಕ್ಕರೆ ಕಾಯಿಲೆಯಿರಬಹುದು. ಸಂಜೆಯ ಜ್ವರ, ಎರಡು ವಾರ ಮೀರಿದ ಕೆಮ್ಮು ಇದ್ದರೆ ಕ್ಷಯವಿರಬಹುದು. ಪ್ರಯತ್ನವಿಲ್ಲದೆ ಆರು ತಿಂಗಳಿಂದ ಒಂದು ವರ್ಷದೊಳಗೆ ಮೈತೂಕದ ನೂರಕ್ಕೆ ಐದು ಪಾಲು, ಅಂದರೆ 60 ಕಿಲೋ ತೂಕದವರು 3 ಕಿಲೋ, ಇಳಿದರೆ ವೈದ್ಯರ ಪರೀಕ್ಷೆ ಅಗತ್ಯ. "ಸಪೂರ ಆದೆ, ಒಳ್ಳೆಯದಾಯಿತು" ಎಂದು ನೆರೆಯವರು ಹೊಗಳಿದರೆಂದು ಹಿಗ್ಗಿ ಕೂಡ್ರಬಾರದು.

ನಾಲ್ಕನೆಯದು ಹೆಂಗಸರಲ್ಲಿ ಬಹಳವಾಗಿ ಕಾಣುವ ರಕ್ತಹೀನತೆ. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದುದನ್ನು ಉಣ್ಣುವ, ಹಸಿವಾದಾಗ ಒಂದು ಲೋಟ ಚಹದಿಂದ ತೃಪ್ತಿಪಡುವ ತಾಯಂದಿರು ಸೊರಗುವುದೂ ನಿಜ, ಅವರ ಎದೆ ಬಡಿದುಕೊಳ್ಳುವುದೂ ನಿಜ. ಕಾಫಿ-ಚಹಗಳ ಒಗರು ದ್ರವ್ಯಗಳು ಆಹಾರದ ಕಬ್ಬಿಣವು ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಆದುದರಿಂದ ಊಟಕ್ಕೆ ಒಂದು ಗಂಟೆ ಮೊದಲೂ, ಊಟವಾದ ಒಂದು ಗಂಟೆಯವರೆಗೂ ಇವನ್ನು ಕುಡಿಯಬಾರದೆಂದು ಮೇಲೆ ಹೇಳಿದ ಸಂಸ್ಥೆಯೇ ತಿಳಿಸಿದೆ.

ಇಂಥ ಕಾರಣಗಳೊಂದೂ ಇಲ್ಲವೆಂದು ಗೊತ್ತಾದ ಮೇಲೆ, ಕಾಫಿಯನ್ನು ತಗ್ಗಿಸುವ ಉಪಾಯಕ್ಕೆ ಬರೋಣ. ಒಮ್ಮೆಲೇ ನಿಲ್ಲಿಸುವುದು ಸಲ್ಲದು. ನಿಲ್ಲಿಸಿದ ಮರುದಿನವೇ ತಲೆನೋವು, ಜಡತೆ, ಸಿಡುಕು ಬಂದು, ಎರಡರಿಂದ ಒಂಬತ್ತು ದಿನಗಳವರೆಗೆ ಕಾಡಬಹುದು. ಮೂರು ನಾಲ್ಕು ದಿನಕ್ಕೊಮ್ಮೆ ಕಾಲು ಲೋಟದಂತೆ ಇಳಿಸುತ್ತ ಹೋದರೆ ಈ ಉಪದ್ರವವಿಲ್ಲ. ಸಂಜೆಯ ಲೋಟವನ್ನು ಮೊದಲು ಬಿಡಿರಿ. ಬೆಳಗಿನದನ್ನು ತಿಂಡಿಯ ಬಳಿಕ ಕುಡಿಯಿರಿ. ಲೋಟವನ್ನೇ ಸಣ್ಣದು ಮಾಡಿರಿ. ಪುಡಿಯ ಆಯ್ಕೆಯಲ್ಲಿಯೂ ಉಪಾಯವಿದೆ. ರೊಬಸ್ಟಾ ಬೀಜದಲ್ಲಿ ಅರೇಬಿಕಾಕ್ಕಿಂತ ಸುಮಾರು ಎರಡು ಪಟ್ಟು ಕೆಫೀನು ಇರುತ್ತದೆ. ಚಿಕೋರಿಯಲ್ಲಿ ಕೆಫೀನು ಇಲ್ಲವೇ ಇಲ್ಲ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿಯು ನೂರಕ್ಕೆ 51 ಪಾಲಿಗೆ ಕಡಿಮೆ ಇರಬಾರದೆಂದು ನಮ್ಮ ದೇಶದ ಕಾನೂನಿದೆ; ಎಷ್ಟೆಷ್ಟು ಬೆರಸಿದೆಯೆಂಬುದು ಪೊಟ್ಟಣದ ಮೇಲೆ ಬರೆದಿರುತ್ತದೆ. ಆದುದರಿಂದ ಅರೇಬಿಕಾ ಪುಡಿಗೆ ಚಿಕೋರಿ ಬೆರೆತ ಮಿಶ್ರಣವನ್ನು ಕೊಂಡು, ಪುಡಿಯನ್ನು ಎಂದಿನಷ್ಟೇ ಹಾಕಿದರೆ, ಬಣ್ಣಕ್ಕೂ ರುಚಿಗೂ ಕೊರತೆಯಿಲ್ಲದೆ ಕೆಫೀನು ತಾನಾಗಿ ತಗ್ಗುತ್ತದೆ.

ಎಲ್ಲಕ್ಕಿಂತ ಒಳ್ಳೆಯ ಉಪಾಯವು ಮಲೆನಾಡಿನ ಮನೆಗಳಲ್ಲಿ ಹಿಂದಿನಿಂದಲೂ ಇದೆ, ಅದೇ ಕಷಾಯ. ಕೊತ್ತಂಬರಿ ಬೀಜ ನಾಲ್ಕು ಪಾಲು, ಜೀರಿಗೆ ಎರಡು ಪಾಲು, ಬಡೇಸೊಪ್ಪು ಒಂದು ಪಾಲು, ತೋಟದ ಕಾಳುಮೆಣಸು ಅರ್ಧ ಪಾಲು, ಮೆಂತ್ಯ ಕಾಲು ಪಾಲು, ಇವನ್ನು ಬೇರೆಬೇರೆಯಾಗಿ ಘಮಘಮಿಸುವಷ್ಟು ಹುರಿದು, ಆರಿದ ಮೇಲೆ ಪುಡಿಮಾಡಿ ಗಾಳಿಯಾಡದ ಡಬ್ಬಿಯಲ್ಲಿಡಿರಿ. ಒಂದು ಲೋಟ ನೀರಿಗೆ ಒಂದು ಚಮಚ ಪುಡಿಯನ್ನು ಹಾಕಿ ಚೆನ್ನಾಗಿ ಕುದಿಸಿ, ಸ್ವಲ್ಪ ಹಾಲು ಬೆರಸಿ, ಸೋಸಿ ಕುಡಿಯಿರಿ. ಬೆಲ್ಲವನ್ನು ತೂಕ ನೋಡಿಕೊಳ್ಳುವವರು ಮಿತವಾಗಿಯೂ, ಸಕ್ಕರೆ ಕಾಯಿಲೆಯವರು ಹಾಕದೆಯೂ ಇರುವುದು ಮೇಲು. ಇದರಲ್ಲಿ ಕೆಫೀನು ಎಳ್ಳಷ್ಟೂ ಇಲ್ಲ. ಬೇಸಗೆಯಲ್ಲಿ ನೀರುಮಜ್ಜಿಗೆ, ಮುರುಗಲ ಹಣ್ಣಿನ ಪಾನಕಗಳೂ ಆದೀತು. ಮಾವಿನಮಿಡಿಯ ಕಾಲದಲ್ಲಿ ಅಪ್ಪೆಹುಳಿಯನ್ನು ಕುಡಿದರೆ ಕಣ್ಣಿಗೆ ನಿದ್ದೆ ತಾನಾಗಿ ಬರುವುದೆಂಬ ಮಾತು ಆ ಸೀಮೆಯಲ್ಲಿ ಪ್ರಚಲಿತವಿದೆ. ಕಾಫಿಯಿಂದ ನಿದ್ದೆಗೆಟ್ಟವರು ಅದನ್ನು ಪರೀಕ್ಷಿಸಿ ನೋಡಿದರೆ ನಷ್ಟವೇನೂ ಇಲ್ಲ.

ಮೈಯ ಅಳತೆಗೆ ಲೋಟದ ಅಳತೆ ಎಂಬ ಈ ನ್ಯಾಯವು ಮನೆಯ ಮಕ್ಕಳಿಗೂ ಮುದುಕರಿಗೂ ಸಲ್ಲುತ್ತದೆ. 20 ಕಿಲೋ ತೂಕದ ಹುಡುಗನಿಗೆ ದೊಡ್ಡವರ ಲೋಟದ ಕಾಫಿಯನ್ನು ಕೊಟ್ಟರೆ, ಕಿಲೋ ಒಂದಕ್ಕೆ 5 ಮಿಲಿಗ್ರಾಂ ಕೊಟ್ಟಂತಾಯಿತು. ಮೊದಲು ಹೇಳಿದ ಯಜಮಾನರು ಮೂರು ಲೋಟದಲ್ಲಿ ಪಡೆಯುವುದಕ್ಕಿಂತಲೂ ಅದು ಹೆಚ್ಚು. ಮಕ್ಕಳಿಗೆ ಹಾಲೇ ಸಾಕು. ವಯಸ್ಸಿನಿಂದ ಮೈ ಒಣಗಿದ ಅಜ್ಜಿ "ರಾತ್ರಿಯೆಲ್ಲ ಕಣ್ಣು ಮುಚ್ಚಲಿಲ್ಲ" ಎಂದಾಗ, ನಿದ್ದೆಯ ಗುಳಿಗೆಯನ್ನು ತರಿಸುವ ಮೊದಲು ಅವರ ಸಂಜೆಯ ಲೋಟವನ್ನು ನೋಡಿರಿ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ನಾವು ಹಣದ ವಿಷಯದಲ್ಲಿ ಮಾತ್ರ ನೆನೆಯುತ್ತೇವೆ. ಮೈಗೂ ಅದೇ ಮಾತು ಸಲ್ಲುತ್ತದೆ. ತೂಕ ಇಳಿಸಿಕೊಂಡವರು ಒಂದು ಕಾಗದದಲ್ಲಿ ತಮ್ಮ ಈಗಿನ ತೂಕ, ದಿನದ ಲೋಟಗಳ ಎಣಿಕೆ, ಕುಡಿಯುವ ಹೊತ್ತು, ನುಂಗುವ ಮಾತ್ರೆಗಳ ಹೆಸರು, ಇವಿಷ್ಟನ್ನು ಬರೆದುಕೊಂಡು, ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಜೊತೆಗೆ ಒಯ್ಯಲಿ. ಬದಲಾಗಬೇಕಾದದ್ದು ಲೋಟವೋ ಮಾತ್ರೆಯೋ ಎಂಬುದು ಆ ಒಂದು ಕಾಗದದಿಂದಲೇ ವೈದ್ಯರಿಗೆ ಬಹುಮಟ್ಟಿಗೆ ತಿಳಿದುಬರುತ್ತದೆ.